ಮಡಿಕೇರಿಯ ಚಳಿ ಗೇಮಿಂಗ್ ಲ್ಯಾಪ್‌ಟಾಪನ್ನು ಕಾಪಾಡುವುದೇ?

ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳಲು ಹೊರಟವರ ಮುಂದೆ ಈಗ ಒಂದೇ ಹೆಸರಿನ ಎರಡು ಯಂತ್ರಗಳು ಬಂದು ಕೂರುತ್ತಿವೆ. ಎರಡರ ಮೇಲೂ ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್‌ನ ಹೆಸರು, ಆರ್‌ಟಿಎಕ್ಸ್ 5060 ಎಂಬ ಚೀಟಿ ಅಂಟಿದೆ. ಒಂದು 1.7 ಕಿಲೋ ತೂಗುತ್ತದೆ, ಇನ್ನೊಂದು 2.4 ಕಿಲೋ. ತೆಳ್ಳಗಿರುವುದಕ್ಕೇ ಬೆಲೆ ಹೆಚ್ಚು. ಆಟ ಶುರುವಾದ ಮೊದಲ ಐದು ನಿಮಿಷ ಎರಡೂ ಒಂದೇ ಥರ ಓಡುತ್ತವೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ದುಬಾರಿಯದೇ ಹಿಂದೆ ಬಿದ್ದಿರುತ್ತದೆ.

2025ರ ಜನವರಿಯಲ್ಲಿ ಎನ್‌ವಿಡಿಯಾ 50 ಸರಣಿಯ ಗ್ರಾಫಿಕ್ಸ್ ಚಿಪ್‌ಗಳನ್ನು ಘೋಷಿಸಿದ ಮೇಲೆ ಈ ಗೊಂದಲ ಇನ್ನಷ್ಟು ಬೆಳೆದಿದೆ. ಕೊಡಗಿನ ಗಿರಾಕಿಗಳಿಗೆ ಇದರ ಮೇಲೊಂದು ಪ್ರಶ್ನೆ ಬೇರೆ. ಮಳೆಗಾಲದ ಮಡಿಕೇರಿಯಲ್ಲಿ ಹಗಲು ಹೊತ್ತಿನಲ್ಲೇ 20 ಡಿಗ್ರಿ ಆಸುಪಾಸು ಇರುತ್ತದೆ. ಹಾಗಿದ್ದ ಮೇಲೆ ಕೂಲಿಂಗ್ ಬಗ್ಗೆ ನಾವೇಕೆ ತಲೆ ಕೆಡಿಸಿಕೊಳ್ಳಬೇಕು? ಅಗ್ಗದ್ದೋ ತೆಳ್ಳಗಿನದ್ದೋ ಯಾವುದಾದರೂ ನಡೆಯುವುದಿಲ್ಲವೇ? ಚಳಿಯಿಂದ ಲಾಭ ಇದೆ, ನಿಜ. ಆದರೆ ಆ ಲಾಭ ನಾವಂದುಕೊಂಡ ಕಡೆಗೆ ಹೋಗುವುದಿಲ್ಲ. ಉಳಿದದ್ದರಲ್ಲಿ ಒಂದಿಷ್ಟನ್ನು ಇಲ್ಲಿನ ತೇವ, ಹೊಗೆ ಮತ್ತು ಕರೆಂಟು ನುಂಗಿಹಾಕುತ್ತವೆ.

ಹೆಸರು ಒಂದೇ, ವ್ಯಾಟ್ ಬೇರೆ

ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 5060 ಚಿಪ್‌ಗೆ ಎನ್‌ವಿಡಿಯಾ ಕೊಟ್ಟಿರುವ ವಿದ್ಯುತ್ ಮಿತಿ 45ರಿಂದ 100 ವ್ಯಾಟ್. 5070ಕ್ಕೆ 50ರಿಂದ 100. ಈ ಅಂತರದೊಳಗೆ ಎಷ್ಟು ವ್ಯಾಟ್ ಕೊಡಬೇಕೆಂದು ತೀರ್ಮಾನಿಸುವುದು ಲ್ಯಾಪ್‌ಟಾಪ್ ತಯಾರಿಸುವ ಕಂಪನಿ. ಒಳಗಿನ ಫ್ಯಾನ್ ಮತ್ತು ತಾಮ್ರ ಎಷ್ಟು ಬಿಸಿಯನ್ನು ಹೊರಗೆ ಹಾಕಬಲ್ಲವು ಎಂಬುದರ ಮೇಲೆ ಆ ತೀರ್ಮಾನ ನಿಂತಿದೆ. ಇದರ ಮೇಲೆ ಡೈನಾಮಿಕ್ ಬೂಸ್ಟ್ ಎಂಬ ಏರ್ಪಾಡು ಇದೆ. ಪ್ರೊಸೆಸರ್ ಬಿಡುವಾಗಿದ್ದಾಗ ಅದರ ಪಾಲಿನ ಹದಿನೈದೋ ಇಪ್ಪತ್ತೈದೋ ವ್ಯಾಟನ್ನು ಗ್ರಾಫಿಕ್ಸಿಗೆ ದಾಟಿಸುತ್ತದೆ. ಡಬ್ಬಿಯ ಮೇಲೆ 115 ವ್ಯಾಟ್ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ 100 ಮತ್ತು 15ರ ಮೊತ್ತ.

ಡೆಸ್ಕ್‌ಟಾಪ್ ಕಾರ್ಡಿಗೂ ಇದೇ ಹೆಸರಿರುವುದು ಇನ್ನೊಂದು ತೊಡಕು. ಡೆಸ್ಕ್‌ಟಾಪಿನ 5070 ಕಾರ್ಡ್ 250 ವ್ಯಾಟಿನದು, ಅದರಲ್ಲಿ 12 ಜಿಬಿ ಮೆಮೊರಿ ಇದೆ. ಲ್ಯಾಪ್‌ಟಾಪಿನ 5070ರಲ್ಲಿ ಇರುವುದು 8 ಜಿಬಿ, ಚಿಪ್ ಕೂಡ ಚಿಕ್ಕದು. ಡೆಸ್ಕ್‌ಟಾಪ್ ಕಾರ್ಡಿನ ವಿಡಿಯೊ ನೋಡಿ ಲ್ಯಾಪ್‌ಟಾಪ್ ಕೊಂಡವರಿಗೆ ನಿರಾಸೆಯಾಗುವುದು ಈ ಕಾರಣಕ್ಕೇ.

ಮೊದಲು ಸ್ಥಿತಿ ಇಷ್ಟು ಕೆಟ್ಟಿರಲಿಲ್ಲ. 2017ರಲ್ಲಿ ಬಂದ ಮ್ಯಾಕ್ಸ್-ಕ್ಯೂ ಎಂಬ ಬಾಲ ಹೆಸರಿನ ಹಿಂದೆ ಇದ್ದರೆ, ಇದು ತೆಳು ಮೈಯ, ಕಡಿಮೆ ವ್ಯಾಟಿನ ಚಿಪ್ ಎಂದು ಗಿರಾಕಿಗೆ ತಿಳಿಯುತ್ತಿತ್ತು. 2021ರಲ್ಲಿ 30 ಸರಣಿಯ ಲ್ಯಾಪ್‌ಟಾಪ್‌ಗಳು ಬಂದಾಗ ಆ ಬಾಲ ಹೋಯಿತು. ವ್ಯಾಟನ್ನು ಸ್ಪೆಸಿಫಿಕೇಷನ್ ಪುಟದಲ್ಲಿ ತೋರಿಸಬೇಕೆಂಬ ಮಾತು ಆಗ ಬಂತು, ನಿಜ. ಆದರೂ ಆನ್‌ಲೈನ್ ಅಂಗಡಿಯ ಪುಟಗಳಲ್ಲಿ ಈ ಒಂದು ಅಂಕೆ ಎಷ್ಟೋ ಸಲ ಇರುವುದೇ ಇಲ್ಲ. ಸಾವಿರಾರು ರೂಪಾಯಿಯ ವ್ಯತ್ಯಾಸಕ್ಕೆ ಕಾರಣವಾಗುವ ಅಂಕೆಯನ್ನು ಗಿರಾಕಿಯೇ ಹುಡುಕಿ ತೆಗೆಯಬೇಕಾಗಿರುವುದು ಅನ್ಯಾಯ.

ಹೊರಗಿನ ಚಳಿ ಒಳಗೆ ಏನು ಮಾಡುತ್ತದೆ

ಚಿಪ್‌ನ ಉಷ್ಣಾಂಶವನ್ನು ಒಂದು ಸರಳ ಲೆಕ್ಕದಲ್ಲಿ ಹಿಡಿಯಬಹುದು. ಪ್ರತಿ ವ್ಯಾಟಿಗೆ ಚಿಪ್ ಎಷ್ಟು ಡಿಗ್ರಿ ಏರುತ್ತದೆ ಎಂಬುದನ್ನು ವ್ಯಾಟಿನಿಂದ ಗುಣಿಸಿ, ಕೋಣೆಯ ಉಷ್ಣಾಂಶಕ್ಕೆ ಕೂಡಿಸಿದರೆ ಮುಗಿಯಿತು. ಬಿಸಿ ಹೊರಗೆ ಹೋಗುವ ದಾರಿ ಎಂದರೆ ಚಿಪ್ ಮೇಲೆ ಬಳಿದು ಬಿಸಿಯನ್ನು ತಾಮ್ರಕ್ಕೆ ದಾಟಿಸುವ ಪೇಸ್ಟ್, ತಾಮ್ರದ ಹೀಟ್ ಪೈಪ್, ತೆಳು ರೆಕ್ಕೆಗಳ ಜಾಲ, ಫ್ಯಾನ್, ಗಾಳಿಕಿಂಡಿ. ದಾರಿ ಕಿರಿದಾದಷ್ಟೂ ಪ್ರತಿ ವ್ಯಾಟಿನ ಏರಿಕೆ ಹೆಚ್ಚು.

ಉದಾಹರಣೆಗೆ ಒಂದು ಲ್ಯಾಪ್‌ಟಾಪಿನ ಪ್ರೊಸೆಸರ್ ಪ್ರತಿ ವ್ಯಾಟಿಗೆ 1.1 ಡಿಗ್ರಿ ಏರುತ್ತದೆ ಎಂದಿಟ್ಟುಕೊಳ್ಳೋಣ. 34 ಡಿಗ್ರಿಯ ಕೋಣೆಯಲ್ಲಿ 60 ವ್ಯಾಟ್ ಉರಿಸಿದರೆ ಅದು 100 ಡಿಗ್ರಿ ಮುಟ್ಟುತ್ತದೆ. ಅದೇ ಯಂತ್ರ 20 ಡಿಗ್ರಿಯ ಮಡಿಕೇರಿ ಕೋಣೆಯಲ್ಲಿ 86ರಲ್ಲಿ ನಿಲ್ಲಬೇಕು. ಆದರೆ ನಿಲ್ಲುವುದಿಲ್ಲ. ಇಂಟೆಲ್ ಮತ್ತು ಎಎಮ್‌ಡಿಯ ಹೆಚ್ಚಿನ ಗೇಮಿಂಗ್ ಪ್ರೊಸೆಸರ್‌ಗಳಿಗೆ ಮಿತಿ 100 ಡಿಗ್ರಿ, ಇಂಟೆಲಿನ ಕೋರ್ ಅಲ್ಟ್ರಾ 200 ಎಚ್‌ಎಕ್ಸ್ ಸಾಲಿಗೆ 105. ಮಿತಿಗೆ ಇನ್ನೂ 14 ಡಿಗ್ರಿ ಬಾಕಿ ಇದೆ ಎಂದು ಕಂಡ ಕೂಡಲೇ ಪ್ರೊಸೆಸರ್ ತನ್ನ ವೇಗ ಏರಿಸಿ 72 ವ್ಯಾಟ್ ಎಳೆದುಕೊಂಡು ಮತ್ತೆ 99ರ ಹತ್ತಿರ ಬಂದು ನಿಲ್ಲುತ್ತದೆ. ಎಚ್‌ಎಕ್ಸ್ ಸಾಲಿನ ಎಷ್ಟೋ ಪ್ರೊಸೆಸರ್‌ಗಳಿಗೆ ಇಂಟೆಲ್ ಕೊಟ್ಟಿರುವ ಟರ್ಬೊ (ಅಲ್ಪಾವಧಿಯ ಹೆಚ್ಚು ವೇಗ) ಮಿತಿ 157 ವ್ಯಾಟ್. ಹಾಗಾಗಿ ಎಷ್ಟು ತಂಪು ಕೊಟ್ಟರೂ ಅದು ಕುಡಿದುಬಿಡುತ್ತದೆ.

ಚಳಿಗಾಲದಲ್ಲೂ 95 ಡಿಗ್ರಿ ತೋರಿಸುತ್ತಿದೆ, ಯಂತ್ರವೇ ಕೆಟ್ಟಿರಬೇಕು ಎಂದು ಗಾಬರಿಯಾಗುವವರು ಇದನ್ನು ಗಮನಿಸಬೇಕು. ಮಿತಿ ಹಾಕದೆ ಬಿಟ್ಟರೆ ನಮ್ಮ ಚಳಿ ಪ್ರೊಸೆಸರಿನ ವೇಗಕ್ಕೆ ಖರ್ಚಾಗುತ್ತದೆ, ಉಷ್ಣಾಂಶದ ಅಂಕೆಯಲ್ಲಿ ಕಾಣುವುದಿಲ್ಲ. ಆಟಗಳಲ್ಲಿ ಹೆಚ್ಚಿನ ಕೆಲಸ ಗ್ರಾಫಿಕ್ಸ್ ಚಿಪ್‌ನದು. ಆದ್ದರಿಂದ ಪ್ರೊಸೆಸರ್ ಹೀಗೆ ಎಳೆದುಕೊಂಡ ಹೆಚ್ಚುವರಿ 12 ವ್ಯಾಟಿನಿಂದ ಆಟಕ್ಕೆ ಸಿಗುವುದು ಅತ್ಯಲ್ಪ. ಆ ಬಿಸಿ ಮಾತ್ರ ಎರಡೂ ಚಿಪ್‌ಗಳು ಹಂಚಿಕೊಂಡಿರುವ ಅದೇ ಹೀಟ್ ಪೈಪಿಗೆ ಹೋಗಿ ಗ್ರಾಫಿಕ್ಸಿನ ದಾರಿಗೂ ಅಡ್ಡ ನಿಲ್ಲುತ್ತದೆ.

ಇದಕ್ಕೆ ಮದ್ದು ಸುಲಭ. ಕಂಪನಿಯ ಆ್ಯಪ್‌ನಲ್ಲಿ ಕಸ್ಟಮ್ ಮೋಡ್ ಇದ್ದರೆ ಪ್ರೊಸೆಸರಿನ ದೀರ್ಘಾವಧಿ ಮಿತಿಯನ್ನು 45 ವ್ಯಾಟಿಗೆ ಇಳಿಸಿ. ಆ ಸೌಲಭ್ಯ ಇಲ್ಲದಿದ್ದರೆ ವಿಂಡೋಸ್ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನು 99 ಶೇಕಡಕ್ಕೆ ಇಟ್ಟರೆ ಟರ್ಬೊ ನಿಲ್ಲುತ್ತದೆ. ಆಟದ ಫ್ರೇಮ್ ದರವನ್ನು, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಯನ್ನು, 60 ಅಥವಾ 90ಕ್ಕೆ ಕಟ್ಟಿಹಾಕಿದರೆ ಗ್ರಾಫಿಕ್ಸಿನ ವ್ಯಾಟೂ ಇಳಿಯುತ್ತದೆ. ಕೊಡಗಿನ ತಂಪು ನಿಜವಾಗಿ ಕೈಗೆ ಸಿಗುವುದು ಆಮೇಲೆ. ಫ್ಯಾನ್ ಸದ್ದು ತಗ್ಗುತ್ತದೆ, ಕೀಬೋರ್ಡ್ ಕೈ ಸುಡುವುದಿಲ್ಲ.

ಎತ್ತರದ ವಿಷಯವನ್ನೂ ಕೆಲವರು ಎತ್ತುತ್ತಾರೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಅದೇ ಉಷ್ಣಾಂಶದ ಕರಾವಳಿ ಗಾಳಿಗಿಂತ ಶೇ 13ರಷ್ಟು ಕಡಿಮೆ. ಫ್ಯಾನ್ ಅಷ್ಟೇ ಸುತ್ತು ಸುತ್ತಿದರೂ ಹೊತ್ತೊಯ್ಯುವ ಗಾಳಿ ಕಡಿಮೆ. ಕರಾವಳಿಯಲ್ಲಿ ಯಂತ್ರದೊಳಗೆ 25 ಡಿಗ್ರಿ ಬಿಸಿಯೇರಿ ಹೊರಬರುವ ಗಾಳಿ ಇಲ್ಲಿ ಸುಮಾರು 29 ಡಿಗ್ರಿ ಏರುತ್ತದೆ. ಮೂರ್ನಾಲ್ಕು ಡಿಗ್ರಿಯ ನಷ್ಟ ಅಷ್ಟೆ. ಚಳಿಯ ಲಾಭದ ಮುಂದೆ ಇದು ಚಿಲ್ಲರೆ.

95 ಡಿಗ್ರಿ ಅಪಾಯವೇ?

ಇಲ್ಲಿ ಎರಡು ವಾದಗಳಿವೆ. ಚಿಪ್ ಅನ್ನು ಈ ಉಷ್ಣಾಂಶಕ್ಕೆಂದೇ ರೂಪಿಸಿದ್ದೇವೆ, ಮಿತಿ ಮುಟ್ಟಿದರೆ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ, ಸುಡುವುದಿಲ್ಲ ಎನ್ನುವುದು ತಯಾರಕರ ವಾದ. 2022ರಲ್ಲಿ ರೈಜೆನ್ 7000 ಡೆಸ್ಕ್‌ಟಾಪ್ ಪ್ರೊಸೆಸರ್ ಬಿಟ್ಟಾಗ ಎಎಮ್‌ಡಿ 95 ಡಿಗ್ರಿ ಉದ್ದೇಶಪೂರ್ವಕವೆಂದೇ ಹೇಳಿತ್ತು. ಸದಾ ಅಂಚಿನಲ್ಲಿ ಓಡಿಸಿದರೆ ಆಯುಸ್ಸು ಕುಗ್ಗುತ್ತದೆ ಎನ್ನುವುದು ರಿಪೇರಿ ಮಾಡುವವರ ವಾದ.

ಇಬ್ಬರ ಮಾತಿನಲ್ಲೂ ಸತ್ಯ ಇದೆ, ಏಕೆಂದರೆ ಇಬ್ಬರೂ ಬೇರೆ ಬೇರೆ ಭಾಗಗಳ ಬಗ್ಗೆ ಮಾತಾಡುತ್ತಿದ್ದಾರೆ. ಸಿಲಿಕಾನ್ ಚಿಪ್ ತಾಳಿಕೊಳ್ಳುತ್ತದೆ. ಅದರ ನೆರೆಹೊರೆ ತಾಳುವುದಿಲ್ಲ. ಪೇಸ್ಟ್ ಒಣಗುತ್ತದೆ, ಬಿಸಿಯಾಗಿ ತಣ್ಣಗಾಗಿ ಮತ್ತೆ ಬಿಸಿಯಾಗಿ ಅಂಚಿಗೆ ಸರಿಯುತ್ತದೆ. ಹತ್ತು ಡಿಗ್ರಿ ಹೆಚ್ಚಾದರೆ ಕೆಪಾಸಿಟರ್ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸಿನಲ್ಲಿ ರೂಢಿಯ ಲೆಕ್ಕ. ಎಲ್ಲಕ್ಕಿಂತ ಬೇಗ ಬಳಲುವುದು ಬ್ಯಾಟರಿ. ಬಿಸಿ ಮತ್ತು ನೂರು ಶೇಕಡ ಚಾರ್ಜ್ ಎರಡೂ ಒಟ್ಟಾದರೆ ಲಿಥಿಯಂ ಬ್ಯಾಟರಿ ಉಬ್ಬತೊಡಗುತ್ತದೆ. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ ಅಥವಾ ಮುಚ್ಚಳ ಸರಿಯಾಗಿ ಕೂರದಿದ್ದರೆ ತಕ್ಷಣ ಚಾರ್ಜರ್ ತೆಗೆದು ಬಳಕೆ ನಿಲ್ಲಿಸಿ, ಬ್ಯಾಟರಿ ಬದಲಿಸಬೇಕು. ಸದಾ ಪ್ಲಗ್ಗಿನಲ್ಲೇ ಇರುವ ಯಂತ್ರಕ್ಕೆ 60 ಅಥವಾ 80 ಶೇಕಡದ ಚಾರ್ಜ್ ಮಿತಿ ಹಾಕಿಡುವುದು ಕಾಸಿಲ್ಲದ ವಿಮೆ.

ಹಳೆಯ ಸ್ಟಾಕ್ ಎಂದು ರಿಯಾಯಿತಿಯಲ್ಲಿ ಸಿಗುವ ಇಂಟೆಲ್ 13 ಮತ್ತು 14ನೇ ಪೀಳಿಗೆಯ ಯಂತ್ರಗಳ ಬಗ್ಗೆ ಇನ್ನೂ ಅನುಮಾನ ಇದೆ. 2024ರಲ್ಲಿ ಸುದ್ದಿಯಾದ ದೋಷ ಆ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳದು. ಅತಿ ವೋಲ್ಟೇಜ್‌ನಿಂದ ಚಿಪ್ ನಿಧಾನವಾಗಿ ಹದಗೆಡುತ್ತಿತ್ತು. ಲ್ಯಾಪ್‌ಟಾಪ್ ಚಿಪ್‌ಗಳಿಗೆ ಈ ದೋಷ ಇಲ್ಲ ಎಂದು ಇಂಟೆಲ್ ಹೇಳಿದೆ. ಕೊಂಡ ದಿನ ಬಯೋಸ್ (ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿಕೊಂಡರೆ ಸಾಕು.

ಮಳೆಗಾಲದ ಲೆಕ್ಕವೇ ಬೇರೆ

ಬಯಲುಸೀಮೆಯವರ ಶತ್ರು ಬಿಸಿಲು. ಜುಲೈ-ಆಗಸ್ಟಿನ ಕಕ್ಕಡದ ಮಳೆಯಲ್ಲಿ ನಮ್ಮ ಶತ್ರು ತೇವ. ಇಲ್ಲಿ ಹೆಚ್ಚಿನವರು ತಲೆಕೆಳಗಾಗಿ ಯೋಚಿಸುತ್ತಾರೆ. ಮಳೆ ಜೋರು, ಕರೆಂಟು ಸರಿ ಇಲ್ಲ ಎಂದು ಲ್ಯಾಪ್‌ಟಾಪನ್ನು ಎರಡು ತಿಂಗಳು ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಚಪ್ಪಲಿ, ಬೆಲ್ಟು, ಪುಸ್ತಕಕ್ಕೆ ಬೂಷ್ಟು ಹಿಡಿಯುವ ಜಾಗವೇ ಅದು.

ಓಡುತ್ತಿರುವ ಯಂತ್ರ ತನ್ನನ್ನು ತಾನೇ ಒಣಗಿಸಿಕೊಳ್ಳುತ್ತದೆ. 20 ಡಿಗ್ರಿಯಲ್ಲಿ 95 ಶೇಕಡ ತೇವಾಂಶ ಇರುವ ಗಾಳಿ ಒಳಗೆ ಹೋಗಿ 40 ಡಿಗ್ರಿಗೆ ಏರಿದರೆ ಅದರ ಸಾಪೇಕ್ಷ ತೇವಾಂಶ 30 ಶೇಕಡಕ್ಕೆ ಇಳಿಯುತ್ತದೆ. ನೀರಿನ ಅಂಶ ಅಷ್ಟೇ ಇದ್ದರೂ ಬಿಸಿ ಗಾಳಿಗೆ ಅದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಹೆಚ್ಚು, ಹಾಗಾಗಿ ಬೋರ್ಡಿನ ಮೇಲೆ ಪಸೆ ಕೂರುವುದಿಲ್ಲ. ಆರಿಸಿಟ್ಟ ತಣ್ಣನೆಯ ಯಂತ್ರಕ್ಕೆ ಈ ರಕ್ಷಣೆ ಇಲ್ಲ. ಆದ್ದರಿಂದ ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿ. ಊರಿಗೆ ಹೋಗುವುದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಬ್ಯಾಟರಿ ಅರ್ಧ ಚಾರ್ಜಿನಲ್ಲಿರಲಿ.

ಅಪಾಯದ ಗಳಿಗೆ ಇನ್ನೊಂದಿದೆ. ರಾತ್ರಿ ಕಾರಿನಲ್ಲೇ ಬಿಟ್ಟ ಲ್ಯಾಪ್‌ಟಾಪ್ ಬೆಳಗ್ಗೆ 16 ಡಿಗ್ರಿ ಇರುತ್ತದೆ. ಒಲೆ ಉರಿಯುತ್ತಿರುವ, ಬಟ್ಟೆ ಒಣಹಾಕಿದ ಮನೆಯೊಳಗೆ 22 ಡಿಗ್ರಿ, 90 ಶೇಕಡ ತೇವಾಂಶ. ಆ ಗಾಳಿ 20 ಡಿಗ್ರಿಗೆ ತಣ್ಣಗಾದರೆ ಸಾಕು, ಇಬ್ಬನಿಯಾಗುತ್ತದೆ. ಅಂದರೆ ಮನೆಯೊಳಗೆ ಬ್ಯಾಗಿನಿಂದ ತೆಗೆದ ತಕ್ಷಣ ಯಂತ್ರದ ಒಳಗೂ ಹೊರಗೂ ಸಣ್ಣ ಹನಿ ಕೂರುತ್ತದೆ. ಬ್ಯಾಗಿನ ಜಿಪ್ ತೆಗೆಯದೆ ಒಂದೆರಡು ಗಂಟೆ ಮನೆಯೊಳಗೆ ಬಿಟ್ಟು ಆಮೇಲೆ ಆನ್ ಮಾಡಿ. ತೇವದಿಂದ ತುಕ್ಕು ಹಿಡಿದ ಬೋರ್ಡನ್ನು ಸರ್ವಿಸ್‌ನವರು ದ್ರವ ಹಾನಿ ಎಂದು ಬರೆದರೆ ವಾರಂಟಿಯಲ್ಲಿ ವಾದಿಸಿ ಗೆಲ್ಲುವುದು ಬಹಳ ಕಷ್ಟ.

ಹೊಗೆ, ಕಣದ ಧೂಳು

ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಒಣಗಿಸುವ ಕಣದ ಧೂಳು ಮತ್ತು ಸಿಪ್ಪೆಯ ಪುಡಿ. ವರ್ಷವಿಡೀ ಸೌದೆ ಒಲೆ, ಬಚ್ಚಲೊಲೆಯ ಹೊಗೆ. ಮೊದಲ ಮಳೆಗೆ ಸ್ಕ್ರೀನಿನ ಬೆಳಕಿಗೆ ಮುತ್ತುವ ರೆಕ್ಕೆ ಹುಳು. ಒಣ ಧೂಳಾದರೆ ಊದಿದರೆ ಹೋಗುತ್ತದೆ. ಮಸಿಯ ಜಿಡ್ಡಿಗೆ ಅಂಟಿದ ಧೂಳು ಮಳೆಗಾಲದ ತೇವ ಹೀರಿ, ಕೂಲಿಂಗ್ ರೆಕ್ಕೆಗಳ ಬಾಯಿಗೆ ಕಂಬಳಿಯಂತೆ ಕೂರುತ್ತದೆ. ಫ್ಯಾನ್ ಜೋರಾಗಿ ತಿರುಗುತ್ತಿದ್ದರೂ ಹಿಂಬದಿಯ ಕಿಂಡಿಯಿಂದ ಗಾಳಿ ಬರುತ್ತಿಲ್ಲ ಎಂದರೆ ಇದೇ ಕಾರಣ.

ತೆರೆಯುವ ಕ್ರಮ ಹೀಗೆ. ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಕೆಳಗಿನ ತಗಡಿನ ಸ್ಕ್ರೂ ಬಿಚ್ಚಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ, ಕಾಗದದ ಮೇಲೆ ಅವುಗಳ ಜಾಗ ಗುರುತು ಹಾಕಿ ಇಡಿ. ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಫ್ಯಾನಿನ ಎಲೆಯನ್ನು ಹಲ್ಲುಕಡ್ಡಿಯಿಂದ ತಡೆಹಿಡಿದು ಬ್ಲೋವರ್ ಹಾಯಿಸಿ. ಹಾಗೇ ಊದಿದರೆ ಅತಿ ವೇಗದಲ್ಲಿ ಸುತ್ತಿ ಬೇರಿಂಗ್ ಹಾಳಾಗುತ್ತದೆ. ರೆಕ್ಕೆಗಳ ನಡುವಿನ ಜಿಡ್ಡನ್ನು ಮೆತ್ತನೆ ಬ್ರಷ್‌ನಿಂದ ಒಳಗಿನಿಂದ ಹೊರಕ್ಕೆ ಎಳೆಯಿರಿ. ಇಷ್ಟಕ್ಕೆ ಪೇಸ್ಟ್ ಮುಟ್ಟಬೇಕಾಗಿಲ್ಲ.

ಪೇಸ್ಟ್ ಬದಲಿಸುವ ಅಗತ್ಯ ಬರುವುದು ಹೆಚ್ಚುಕಡಿಮೆ ಎರಡು ಮೂರು ವರ್ಷಕ್ಕೆ. ಆದರೆ ಕೊಳ್ಳುವಾಗಲೇ ಒಂದು ವಿಷಯ ವಿಚಾರಿಸಿ: ಒಳಗಿರುವುದು ಸಾಮಾನ್ಯ ಪೇಸ್ಟೋ, ಬಿಸಿಯಾದಾಗ ಮೆತ್ತಗಾಗುವ ಫೇಸ್ ಚೇಂಜ್ ಹಾಳೆಯೋ, ಲಿಕ್ವಿಡ್ ಮೆಟಲ್ಲೋ? ಲಿಕ್ವಿಡ್ ಮೆಟಲ್ ಬಿಸಿಯನ್ನು ಚೆನ್ನಾಗಿ ಸಾಗಿಸುತ್ತದೆ. ಆದರೆ ಅದು ಗ್ಯಾಲಿಯಂ ಬೆರೆತ ಲೋಹ, ವಿದ್ಯುತ್ ಹರಿಯುತ್ತದೆ, ಅಲ್ಯೂಮಿನಿಯಂ ತಿನ್ನುತ್ತದೆ. ಒಂದು ಹನಿ ಬೋರ್ಡಿಗೆ ಬಿದ್ದರೆ ಶಾರ್ಟ್. ಅಭ್ಯಾಸವಿಲ್ಲದ ಕೈಗೆ ಅದನ್ನು ಕೊಡಬಾರದು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಅದಕ್ಕಿಂತ ದೂರ. ಹಾಗಿರುವಾಗ ಫೇಸ್ ಚೇಂಜ್ ಹಾಳೆ ಇರುವ ಯಂತ್ರ ಇಲ್ಲಿಗೆ ಹೆಚ್ಚು ಹೊಂದುತ್ತದೆ. ಅದು ಪೇಸ್ಟಿನಂತೆ ಬೇಗ ಒಣಗುವುದೂ ಇಲ್ಲ.

ಕರೆಂಟಿನ ಕಾವು

ತೋಟದ ಕೊನೆಯ ಮನೆಗೆ ಬರುವ ಲೈನಿನಲ್ಲಿ ವೋಲ್ಟೇಜ್ 230 ಇರಬೇಕಾದದ್ದು 170ಕ್ಕೆ ಇಳಿಯುವುದುಂಟು. ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ಕೆಲಸ ಮಾಡುತ್ತದೆ, ಆದ್ದರಿಂದ ಲ್ಯಾಪ್‌ಟಾಪಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಅಷ್ಟೇ ವ್ಯಾಟ್ ಕೊಡಲು ಅಡಾಪ್ಟರ್ ಶೇ 35ರಷ್ಟು ಹೆಚ್ಚು ಕರೆಂಟ್ ಎಳೆಯಬೇಕು, ತಾನೇ ಕಾಯುತ್ತದೆ. ಅದನ್ನು ಕಂಬಳಿ ಅಡಿಗೋ ಸೋಫಾ ಸಂದಿಗೋ ಸಿಕ್ಕಿಸಬೇಡಿ, ನೆಲದ ಮೇಲೆ ಬಿಡಿಯಾಗಿ ಇರಲಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಅಡಾಪ್ಟರ್ ಗುಂಯ್ಗುಟ್ಟಿ ಇನ್ನೂ ಬಿಸಿಯಾಗಬಹುದು. ಸೈನ್ ವೇವ್ ಇನ್ವರ್ಟರೇ ಬೇಕು.

12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಅವರ್ ಇದೆ. ನಷ್ಟ ಕಳೆದು ಮೂರನೇ ಎರಡು ಭಾಗ ಕೈಗೆ ಸಿಕ್ಕರೆ ಹೆಚ್ಚು. 200 ವ್ಯಾಟ್ ಎಳೆಯುವ ಆಟ ಆರು ಗಂಟೆಯೊಳಗೆ ಅದನ್ನು ಬರಿದು ಮಾಡುತ್ತದೆ, ಮನೆಯ ದೀಪ ಸೇರಿದರೆ ಇನ್ನೂ ಬೇಗ. ಎರಡು ದಿನ ಕರೆಂಟು ಬಾರದ ಮಳೆಗಾಲದಲ್ಲಿ ಈ ಲೆಕ್ಕ ಮನೆಯವರಿಗೆಲ್ಲ ಮುಖ್ಯ. ಏಪ್ರಿಲ್-ಮೇ ಗುಡುಗು ಬಂದಾಗ ಪ್ಲಗ್ ಕಿತ್ತಿಡಬೇಕೆಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಯಾವುದು?

ಮನೆಯಲ್ಲೇ ಆಡುವವರು ಡೆಸ್ಕ್‌ಟಾಪ್ ಕೊಳ್ಳಲಿ ಎಂಬ ವಾದ ಗಟ್ಟಿ. ದೊಡ್ಡ ಹೀಟ್‌ಸಿಂಕ್, ಸುಲಭವಾಗಿ ತೆರೆಯುವ ಡಬ್ಬಿ, ಬಿಡಿ ಭಾಗ ಬದಲಿಸುವ ಅನುಕೂಲ. ಆದರೆ ಪದೇ ಪದೇ ಕರೆಂಟು ಹೋಗುವ ಕಡೆ ದೊಡ್ಡ ಯುಪಿಎಸ್ ಖರ್ಚೂ ಸೇರುತ್ತದೆ. ಪೊನ್ನಂಪೇಟೆ, ಕುಶಾಲನಗರದ ಎಂಜಿನಿಯರಿಂಗ್ ಕಾಲೇಜಿಗೆ ದಿನವೂ ಹೊತ್ತೊಯ್ಯುವ ವಿದ್ಯಾರ್ಥಿಗೆ 2.4 ಕಿಲೋ ಯಂತ್ರ, ಮುಕ್ಕಾಲು ಕಿಲೋ ಚಾರ್ಜರ್ ಭಾರವೇ. ಅವರು ತೆಳು ಯಂತ್ರ ಆರಿಸಲಿ, ಆದರೆ ಕಡಿಮೆ ವ್ಯಾಟಿನ 5070ಕ್ಕೆ ದುಡ್ಡು ಸುರಿಯುವುದು ಬೇಡ. 50 ವ್ಯಾಟಿನಲ್ಲಿ ಕಟ್ಟಿಹಾಕಿದ 5070, ಪೂರ್ತಿ 100 ವ್ಯಾಟ್ ಸಿಗುವ 5060ಕ್ಕಿಂತ ಹಿಂದುಳಿಯಬಲ್ಲದು.

ಉಳಿದವರಿಗೆ ನನ್ನ ಆಯ್ಕೆ ದಪ್ಪ ಯಂತ್ರ. ಎರಡು ಫ್ಯಾನ್, ಹಿಂದಕ್ಕೆ ಗಾಳಿ ಬಿಡುವ ಕಿಂಡಿ, ಎತ್ತರದ ರಬ್ಬರ್ ಕಾಲು ಇರಲಿ. ಬಲಗಡೆ ಕಿಂಡಿ ಇದ್ದರೆ ಮೌಸ್ ಹಿಡಿದ ಕೈಗೆ ಬಿಸಿ ಗಾಳಿ ಹೊಡೆಯುತ್ತದೆ. ಕುಶಾಲನಗರ ಮಡಿಕೇರಿಗಿಂತ ಮುನ್ನೂರು ಮೀಟರ್ ತಗ್ಗಿನಲ್ಲಿದೆ, ಬೇಸಗೆಯಲ್ಲಿ ಕಾಯುತ್ತದೆ. ಅಲ್ಲಿನವರು ತಂಪನ್ನು ಲೆಕ್ಕಕ್ಕೇ ಹಿಡಿಯಬಾರದು. ಸಣ್ಣ ಫ್ಯಾನ್‌ಗಳ ಕೂಲಿಂಗ್ ಪ್ಯಾಡ್ ಎರಡು ಮೂರು ಡಿಗ್ರಿ ಇಳಿಸಿದರೆ ಹೆಚ್ಚು. ಹಿಂಬದಿಗೆ ಎರಡು ಸೆಂಟಿಮೀಟರ್ ಎತ್ತರದ ಮರದ ತುಂಡು ಇಟ್ಟರೆ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಚಳಿಗೆ ಕಂಬಳಿ ಹೊದ್ದು ತೊಡೆಯ ಮೇಲಿಟ್ಟು ಆಡುವುದು ಮಾತ್ರ ಬೇಡವೇ ಬೇಡ, ಗಾಳಿ ಎಳೆಯುವ ಕಿಂಡಿ ಕೆಳಗೇ ಇದೆ. ಆನ್‌ಸೈಟ್ ವಾರಂಟಿ ಎಂದಿದ್ದರೆ ನಿಮ್ಮ ಪಿನ್‌ಕೋಡ್ ಕೊಟ್ಟು, ಮನೆ ಬಾಗಿಲಿಗೆ ಬರುತ್ತಾರೆಯೇ ಎಂದು ಲಿಖಿತವಾಗಿ ಕೇಳಿ.

ಹಿಂದಿರುಗಿಸುವ ಅವಧಿಯೊಳಗೆ

ಯಂತ್ರ ಬಂದ ದಿನವೇ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು, ಹೆಲ್ಪ್ ಮೆನುವಿನ ಸಿಸ್ಟಮ್ ಇನ್ಫರ್ಮೇಷನ್ ಒತ್ತಿ. ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಎಂಬ ಸಾಲಿನಲ್ಲಿ ನಿಜವಾದ ವ್ಯಾಟ್ ಇರುತ್ತದೆ. ಅಂಗಡಿಯವರು ಹೇಳಿದ್ದಕ್ಕಿಂತ ಕಡಿಮೆ ಇದ್ದರೆ ಅಲ್ಲಿಗೇ ನಿಲ್ಲಿಸಿ ವಾಪಸು ಕೇಳಿ. ಆಮೇಲೆ ತ್ರೀಡಿ ಮಾರ್ಕ್‌ನ ಟೈಮ್ ಸ್ಪೈ ಸ್ಟ್ರೆಸ್ ಟೆಸ್ಟ್ ಓಡಿಸಿ. ಅದು ಒಂದೇ ದೃಶ್ಯವನ್ನು 20 ಸಲ ಓಡಿಸಿ, ಫ್ರೇಮ್ ದರ ಎಷ್ಟು ಸ್ಥಿರವಾಗಿತ್ತು ಎಂದು ಹೇಳುತ್ತದೆ. 97 ಶೇಕಡ ದಾಟಿದರೆ ಪಾಸು. ಅದು ಇಲ್ಲದಿದ್ದರೆ ನೀವು ಆಡುವ ಭಾರೀ ಆಟವನ್ನೇ ಅರ್ಧ ಗಂಟೆ ಓಡಿಸಿ, ಎಚ್‌ಡಬ್ಲ್ಯೂ ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿ. ಐದನೇ ನಿಮಿಷದ ಗ್ರಾಫಿಕ್ಸ್ ವ್ಯಾಟ್ ಮತ್ತು ಮೂವತ್ತನೇ ನಿಮಿಷದ ವ್ಯಾಟ್ ಒಂದೇ ಇರಬೇಕು. 100 ಇದ್ದದ್ದು 75ಕ್ಕೆ ಬಿದ್ದಿದ್ದರೆ ಕೂಲಿಂಗ್ ಸಾಲುತ್ತಿಲ್ಲ.

ಕೋಣೆಯ ಉಷ್ಣಾಂಶ, ಎರಡೂ ಚಿಪ್‌ಗಳ ಉಷ್ಣಾಂಶ ಮತ್ತು ವ್ಯಾಟ್, ಫ್ಯಾನಿನ ವೇಗ ಇಷ್ಟನ್ನು ದಿನಾಂಕದ ಜೊತೆ ಬರೆದಿಡಿ. ಪ್ರತಿ ವರ್ಷ ಕಾಫಿ ಕೊಯ್ಲು ಮುಗಿದು ಮಳೆ ಹಿಡಿಯುವ ಮುಂಚೆ, ಏಪ್ರಿಲಿನಲ್ಲಿ ಅದೇ ಆಟವನ್ನು ಅದೇ ಮಿತಿಯಲ್ಲಿ ಓಡಿಸಿ. ಕೋಣೆಯ ವ್ಯತ್ಯಾಸ ಕಳೆದ ಮೇಲೂ ಎಂಟು ಹತ್ತು ಡಿಗ್ರಿ ಏರಿದ್ದರೆ ಜಿಡ್ಡು ತೆಗೆಸಿ. ಜಿಡ್ಡು ತೆಗೆದ ಮೇಲೂ ಇಳಿಯದಿದ್ದರೆ ಪೇಸ್ಟ್ ಬದಲಿಸಿ. ಜೂನ್ ಬಂದ ಮೇಲೆ ಇದನ್ನು ಹಚ್ಚಿಕೊಂಡರೆ ರಸ್ತೆ ಹೇಗಿರುತ್ತದೋ ಹೇಳಲಾಗದು, ಮೈಸೂರಿಗೆ ಕಳಿಸಿದ ಯಂತ್ರ ಯಾವಾಗ ವಾಪಸು ಬರುತ್ತದೋ ಅದೂ ಹೇಳಲಾಗದು.